ಬೂದಿಗುಂಡಿನ ಹನ್ನೆರಡು ಗೆರೆ

ಜ್ವರ ಬಂದಿದೆ ಅಂತ ಹೇಳಿಬಿಟ್ಟರೆ ಹೇಗೆ ಎಂಬ ಯೋಚನೆ ಅನಂತರಾಜುವಿಗೆ ಹಲ್ಲುಜ್ಜುವಾಗ ಬಂತು. ಬಾಯಿ ಮುಕ್ಕಳಿಸುವಷ್ಟರಲ್ಲಿ ಅದು ನಿರ್ಧಾರವೇ ಆಗಿ, ಮುಖ ಒರೆಸಿಕೊಳ್ಳುವಾಗ ನಿಜಕ್ಕೂ ಮೈ ಬಿಸಿಯಾದಂತೆ ಅನ್ನಿಸಿತು. ಅಡುಗೆಮನೆ ಬಾಗಿಲಿಗೆ ಬಂದು ಹೆಂಡತಿಯ ಮುಂದೆ ಕತ್ತು ಚಾಚಿದ. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದ ಪ್ರೇಮಲತಾ ಮೊಣಕೈಯಿಂದಲೇ ಅವನ ಹಣೆ ಮುಟ್ಟಿ, "ನಲ್ಲಿ ನೀರಿನ ಥರ ತಣ್ಣಗಿದೀರ. ಆ ಹುಡುಗಿ ಆಗಲೇ ಎರಡು ಸಲ ಫೋನ್ ಮಾಡವಳೆ. ಹನ್ನೊಂದು ವರ್ಷದಿಂದ ನನ್ನ ಕಲ್ಲು ನನ್ನ ಕಲ್ಲು ಅಂತ ಪ್ರಾಣ ತಿಂದ್ರಿ, ಈಗ ದೊಡ್ಡೋರು ನೋಡಕ್ಕೆ ಬರ್ತಾವ್ರೆ ಅಂದ್ರೆ ಜ್ವರವಂತೆ ಜ್ವರ" ಎಂದಳು. ಅವಳ ಮಾತಿನಲ್ಲಿ ಹೆಮ್ಮೆಯಿತ್ತು. ಅದೇ ಅವನಿಗೆ ಕಷ್ಟವಾದದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿಯನ್ನು ತೊಟ್ಟು ಗುಂಡಿ ಹಾಕಿಕೊಳ್ಳುವಾಗ ಬೆರಳು ಮೂರನೆಯ ಗುಂಡಿಯಲ್ಲಿ ತಪ್ಪಿತು. ನಲವತ್ತು ವರ್ಷ ಕುಂಚ ಹಿಡಿದ ಬೆರಳು. ಏಣಿಯ ಮೇಲೆ ಒಂದು ಕಾಲಲ್ಲಿ ನಿಂತು, ಲಾರಿಗಳು ಬೀಸಿ ಹೋಗುವ ಗಾಳಿಯಲ್ಲಿ, ದಾರ ಹಿಡಿದ ಹಾಗೆ ನೇರ ಗೆರೆ ಎಳೆಯುತ್ತಿದ್ದ ಬೆರಳು.

ಹೊರಗೆ ಧನುರ್ಮಾಸದ ಚಳಿ, ದೂರದ ಗುಡಿಯ ಮೈಕು. ಉಪ್ಪಾರಹಳ್ಳಿಯ ಬೀದಿಯಲ್ಲಿ ಇನ್ನೂ ಬೆಳಕು ಪೂರ್ತಿ ಹರಿದಿರಲಿಲ್ಲ. ಹಾಗೇ ಇರಲಿ, ಇವತ್ತೊಂದು ದಿನ ಅದು ಬರುವುದೇ ಬೇಡ ಎಂದು ಅವನ ಮನಸ್ಸು ಆಟೋ ಹತ್ತುತ್ತ ಬೇಡಿಕೊಂಡಿತು, ಬೇಡಿಕೊಂಡದ್ದಕ್ಕೆ ತಾನೇ ಹೆದರಿತು. ಒಂಬತ್ತೂವರೆ ಸುಮಾರಿಗೆ ಸೂರ್ಯ ಬೂದಿಗುಂಡು ಎಂಬ ಬೆಟ್ಟದ ಗವಿಯೊಳಕ್ಕೆ ಬರುತ್ತಾನೆ. ವರ್ಷದಲ್ಲಿ ಈ ಇಪ್ಪತ್ತು ಇಪ್ಪತ್ತೈದು ದಿನ ಮಾತ್ರ, ಹೊತ್ತು ದಕ್ಷಿಣಕ್ಕೆ ವಾಲಿ ಕೆಳಗಿಳಿದಾಗ ಮಾತ್ರ, ಬಂಡೆಯ ಮೇಲೆ ಜಾಜಿನ ಕೆಂಪು ಮಣ್ಣಿನಲ್ಲಿ ಯಾರೋ ಎಂದೋ ಬರೆದ ಚಕ್ರದ ಮೇಲೆ ಬಿಸಿಲು ಬಿದ್ದು ಹತ್ತು ನಿಮಿಷ ನಿಲ್ಲುತ್ತದೆ. ಇದನ್ನು ಕಂಡುಹಿಡಿದವಳು ದೀಪಿಕಾ. ಕುಣಿಗಲ್ಲಿನ ಹುಡುಗಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮೂರು ಚಳಿಗಾಲ ಬೆಳಿಗ್ಗೆ ಬೆಳಿಗ್ಗೆ ಬಸ್ಸು ಹತ್ತಿ ಬಂದು, ಗವಿಯಲ್ಲಿ ಕೂತು, ಗಡಿಯಾರ ಇಟ್ಟುಕೊಂಡು ಬರೆದುಕೊಂಡವಳು. ಅದರಲ್ಲಿ ಸುಳ್ಳಿಲ್ಲ. ಬಿಸಿಲು ಬೀಳುವುದು ನಿಜ. ಚಕ್ರವೂ ನಿಜ. ಅದರಿಂದ ಹೊರಟ ಏಳು ಗೆರೆಗಳೂ ನಿಜ. ಆದರೆ ಅವಳ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯ ನಿಂತಿರುವುದು ಹನ್ನೆರಡು ಗೆರೆಗಳ ಮೇಲೆ. ಹನ್ನೆರಡು ಕಿರಣ, ಹನ್ನೆರಡು ತಿಂಗಳು, ವರ್ಷವನ್ನು ಎಣಿಸಿಕೊಂಡ ಜನ. ಉಳಿದ ಐದು ಅನಂತರಾಜು ಬರೆದದ್ದು.

ಬಟವಾಡಿಯಲ್ಲಿ ಇಳಿದು ಕಾರಿಗೆ ಕಾಯುತ್ತ ನಿಂತಾಗ ಎದುರಿನ ಹಳೆಯ ಕಾಂಪೌಂಡಿನ ಮೇಲೆ 'ಜಾಹೀರಾತು ಅಂಟಿಸಬಾರದು' ಎಂಬ ಅಕ್ಷರಗಳು ಅರ್ಧ ಸುಣ್ಣ ಉದುರಿ ಕಾಣುತ್ತಿದ್ದವು. ಬರೆದು ಇಪ್ಪತ್ತು ವರ್ಷವಾಗಿರಬೇಕು. ರಸ್ತೆಯ ಈ ಬದಿಯಿಂದಲೇ ಗೊತ್ತಾಗುತ್ತಿತ್ತು, ಅದು ತನ್ನ ಕೈ. ಗೆರೆಯ ಕೊನೆಯಲ್ಲಿ ಕುಂಚವನ್ನು ಎತ್ತುವಾಗ ಎಡಕ್ಕೆ ಸಣ್ಣಗೆ ಒಂದು ಬಾಲ ಬಿಡುವುದು ಅವನ ಅಭ್ಯಾಸ, ಬೇಡವೆಂದರೂ ಬಿಡದ್ದು. ಶಿರಾ ಗೇಟಿನ ಅಂಗಡಿಯಲ್ಲಿ ಅವನಿಗೆ ಕೆಲಸ ಕಲಿಸಿದ ಸದಾಶಿವಯ್ಯ ಆ ಬಾಲ ನೋಡಿ, "ಏನ್ಲಾ, ಸಹಿ ಹಾಕ್ತಿದೀಯಾ? ಬೋರ್ಡು ಸೇಟುದು, ನಿಂದಲ್ಲ ಕಣೋ" ಅನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವನನ್ನು ತಿನ್ನುತ್ತಿರುವುದು ಈ ಬಾಲವೇ. ಕಣ್ಣಿದ್ದ ಯಾರಾದರೂ ಆ ಐದು ಗೆರೆಗಳ ತುದಿ ನೋಡಿದರೆ ಸಾಕು. ಇದುವರೆಗೆ ನೋಡಿಲ್ಲ, ಯಾಕೆಂದರೆ ಗವಿಯ ನೆರಳಲ್ಲಿ ಟಾರ್ಚು ಹಿಡಿದು ನೋಡಿದವರೇ ಎಲ್ಲ, ಮತ್ತು ದೀಪಿಕಾ ಬಿಸಿಲು ನೋಡುತ್ತಿದ್ದಳು, ಗೆರೆಯನ್ನಲ್ಲ. ಇವತ್ತು ಅವಳ ಪ್ರಬಂಧ ಪರೀಕ್ಷಿಸಲು ಬರುವ ಪ್ರೊಫೆಸರು ಗೆರೆ ನೋಡುವವರು.

ಕಾರು ಬಂತು. ಓಡಿಸುತ್ತಿದ್ದವರು ಪ್ರೊಫೆಸರ್ ರೇಣುಕಾಪ್ರಸಾದ್ ಅವರೇ, ಅರವತ್ತರ ಹತ್ತಿರದ ತೆಳ್ಳನೆಯ ಮನುಷ್ಯ, ಮಂಕಿಟೋಪಿ ಹಾಕಿದ್ದರು. ಪಕ್ಕದಲ್ಲಿ ದೀಪಿಕಾ. ಅನಂತರಾಜು ಹಿಂದಿನ ಬಾಗಿಲು ತೆಗೆದರೆ ಅರ್ಧ ಸೀಟನ್ನು ಒಂದು ಕಪ್ಪು ಪೆಟ್ಟಿಗೆ ಆಕ್ರಮಿಸಿಕೊಂಡಿತ್ತು, ಅದಕ್ಕೆ ಸೀಟ್‌ಬೆಲ್ಟು ಬೇರೆ. "ಅದಕ್ಕೆ ತಾಗದ ಹಾಗೆ ಕೂತ್ಕೊಳಿ ಸರ್. ಬಣ್ಣದಲ್ಲಿ ಏನೇನಿದೆ ಅಂತ ಹೇಳೋ ಮಷೀನು ಅದು. ಕೆರೆಯೋದೂ ಬೇಡ, ಸುಮ್ನೆ ಎದುರಿಗೆ ಹಿಡಿದ್ರೆ ಸಾಕಂತೆ" ಎಂದಳು ದೀಪಿಕಾ, ಹಿಂದಕ್ಕೆ ತಿರುಗಿ, ಕಣ್ಣರಳಿಸಿ. ಅವನು ಬಾಗಿಲಿಗೆ ಒತ್ತಿಕೊಂಡು ಕೂತ. ಊರು ದಾಟುವವರೆಗೂ ಪೆಟ್ಟಿಗೆ ತನ್ನ ತೊಡೆಯ ಕಡೆಗೇ ಜರುಗುತ್ತಿದೆ ಅನ್ನಿಸುತ್ತಿತ್ತು.

"ನಿಮ್ದು ಯಾವ ಡಿಗ್ರಿ ಅನಂತರಾಜು?" ಪ್ರೊಫೆಸರ್ ಕನ್ನಡಿಯಲ್ಲಿ ಕೇಳಿದರು.

"ಎಸ್ಸೆಸ್ಸೆಲ್ಸಿ ಸರ್."

"ಪಾಸಾ?"

"ಗಣಿತ ಒಂದು ಉಳ್ಕೊಂಡಿತ್ತು ಸರ್."

"ಹಾಗಾದ್ರೆ ಎಣಿಸೋದು ಕಷ್ಟ ಅನ್ನಿ" ಎಂದು ಅವರು ನಕ್ಕರು. ಸುಮ್ಮನೆ ಆಡಿದ ಮಾತು, ಕೆಟ್ಟ ನಗುವಲ್ಲ. ದೀಪಿಕಾ ಮಾತ್ರ, "ಸರ್, ಇವರಷ್ಟು ಬೆಟ್ಟ ಹತ್ತಿರೋರು ಈ ಜಿಲ್ಲೇಲಿ ಯಾರೂ ಇಲ್ಲ" ಎಂದು ಅವನ ಪರವಾಗಿ ಬಿರುಸಾಗಿ ಹೇಳಿದಳು. ಅನಂತರಾಜುವಿನ ಕಿವಿ ಬಿಸಿಯಾಯಿತು. ಎಣಿಸುವುದು ಎಂದರು, ಯಾಕೆ ಎಣಿಸುವುದು ಎಂದರು? ಗೊತ್ತಾಗಿದೆಯೆ? ಗೊತ್ತಿದ್ದೇ ಕರೆದುಕೊಂಡು ಹೋಗುತ್ತಿದ್ದಾರೆಯೆ, ಕಳ್ಳನನ್ನು ಕದ್ದ ಮನೆಗೇ ಕರೆದೊಯ್ದು ತೋರಿಸು ಅನ್ನುವ ಹಾಗೆ? ಕಿಟಕಿಯಾಚೆ ತೆಂಗಿನ ತೋಟಗಳ ಹಿಂದಿನಿಂದ ಹೊತ್ತು ಮೇಲೆ ಬಂದಿತ್ತು. ಒಂದೊಂದು ಮರ ದಾಟಿದಾಗಲೂ ಬೆಳಕು ಅವನ ಮುಖಕ್ಕೆ ಬಡಿದು ಮರೆಯಾಗುತ್ತಿತ್ತು, ಬಡಿದು ಮರೆಯಾಗುತ್ತಿತ್ತು. ಅವನು ಎಣಿಸಿದ. ಏಳು. ಎಂಟು. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೂ ಕೆಂಪು.

ಹನ್ನೊಂದು ವರ್ಷದ ಹಿಂದಿನ ಆ ದಿನವೂ ಹೀಗೇ ಬಿಸಿಲಿತ್ತು. ಗುಬ್ಬಿಯ ಆಚೆ ಒಂದು ಹಳ್ಳಿಯ ಗುಡಿಯ ಗೋಡೆಗೆ ಸುಣ್ಣ ಜಾಜು ಪಟ್ಟೆ ಬಳಿಯುವ ಕೆಲಸ. ಬೋರ್ಡು ಬರೆಸುವವರು ಯಾರೂ ಉಳಿದಿರಲಿಲ್ಲ, ಊರಿಗೆಲ್ಲ ಫ್ಲೆಕ್ಸ್ ಬಂದಿತ್ತು. ಹಿಂದಿನ ವಾರವಷ್ಟೇ ಒಬ್ಬ ಮೊಬೈಲ್ ಅಂಗಡಿಯವನು, "ಕೈಯಲ್ಲಿ ಬರೆದಿದ್ದು ಬೇಡ ಗುರುವೇ, ನೋಡಿದ್ರೆ ಅಂಗಡಿ ಮುಚ್ಚೋ ಥರ ಇರುತ್ತೆ" ಎಂದಿದ್ದ. ಮಧ್ಯಾಹ್ನ ಕೆಲಸ ಮುಗಿಸಿ ನೀರು ಕುಡಿಯುತ್ತಿದ್ದಾಗ ಮೇಕೆ ಹೊಡೆದುಕೊಂಡು ಬಂದ ಚಿಕ್ಕಬೋರಯ್ಯ, "ನೀವು ಬಳೀತೀರಲ್ಲ ಈ ಜಾಜು, ಇದ್ರಾಗೆ ನಮ್ಮ ಗುಂಡ್ನಾಗೂ ಒಂದು ಬರ್ದವ್ರೆ ಸ್ವಾಮಿ, ಹೊತ್ತಪ್ಪ ಅಂತೀವಿ. ಮೇಕೆ ಈದ್ರೆ ಮೊದಲ್ನೇ ಹಾಲು ಬೆರಳ್ನಾಗೆ ಅದಕ್ಕೆ ಮುಟ್ಟಿಸಿ ಬರೋದು" ಎಂದಿದ್ದ. ಕುತೂಹಲಕ್ಕೆ ಹೋದದ್ದು. ಗವಿಯೊಳಗೆ ಬಗ್ಗಿ ಕಣ್ಣು ಹೊಂದಿಸಿಕೊಂಡ ಮೇಲೆ ಮಾಸಿದ ಒಂದು ಚಕ್ರ, ಸುತ್ತ ಗೆರೆಗಳು. "ನಮ್ಮಜ್ಜಿ ಏಳ್ ಕಡ್ಡಿ ಹೊತ್ತಪ್ಪ ಅನ್ನೋಳು" ಎಂದು ಹೇಳಿ ಚಿಕ್ಕಬೋರಯ್ಯ ಮೇಕೆಗಳ ಹಿಂದೆ ಹೋದ. ಅನಂತರಾಜು ಫೋಟೋ ತೆಗೆದ. ನಿಂತು ನೋಡಿದ. ಏಳು ಗೆರೆ ಎಡಕ್ಕೂ ಮೇಲಕ್ಕೂ ಹರಡಿ, ಬಲಗಡೆ ಬರಿದೋ ಬರಿದು. ಮಾಸಿದ ಅಕ್ಷರ ಕಂಡರೆ ತಿದ್ದದೆ ಬರಬಾರದು ಎಂದು ಕಲಿತ ಕೈ ಅದು. ಶಾಲೆ, ಗುಡಿ, ಆಸ್ಪತ್ರೆ, ಎಲ್ಲಿ ಒಂದು ಒತ್ತಕ್ಷರ ಅಳಿಸಿದ್ದರೂ ಯಾರೂ ಕೇಳದೆ ಬರೆದು ಬಂದಿತ್ತು. ಬಲಗಡೆಯೂ ಇದ್ದಿರಬೇಕು, ಇಲ್ಲದಿದ್ದರೆ ಅದು ಎಂಥ ಸೂರ್ಯ ಎಂದುಕೊಂಡ. ಚೀಲದಲ್ಲಿ ಜಾಜಿತ್ತು, ಬೇವಿನ ಅಂಟಿತ್ತು. ಮೊದಲು ಹಳೆಯ ಗೆರೆಗಳ ಮೇಲೇ ಕುಂಚ ಓಡಿತು, ತೆಳ್ಳಗೆ, ಸುಮ್ಮನೆ ಎದ್ದು ಕಾಣಲಿ ಅಂತ. ಆಮೇಲೆ ಬಲಗಡೆಗೆ ಹೋಯಿತು. ಬರೆಯುವಾಗ ಸುಖವಾಗಿತ್ತು. ಅದನ್ನು ಅವನು ಪ್ರೇಮಲತಾಳಿಗೂ ಹೇಳಿಲ್ಲ. ಎಷ್ಟೋ ತಿಂಗಳ ಮೇಲೆ ಕೈ ತನ್ನ ಕೈಯಂತೆ ಓಡಿತ್ತು. ಮುಗಿಸಿ ಎಣಿಸಿದರೆ ಹನ್ನೆರಡು, ಅದೂ ಸುಖವಾಯಿತು. ಚಿಕ್ಕಬೋರಯ್ಯ ವಾಪಸು ಬಂದು ಬಗ್ಗಿ ನೋಡಿ, "ಏನ್ ಸ್ವಾಮಿ, ಹೊತ್ತಪ್ಪ ಇವತ್ತು ಮುಖ ತೊಳ್ಕಂಡವ್ನೆ" ಅಂದ. "ನೀರು ಹಾಕ್ದೆ. ನೀರು ಹಾಕಿದ್ರೆ ಎದ್ದು ಕಾಣ್ತದೆ" ಎಂದ ಅನಂತರಾಜು. ಬಾಯಿಗೆ ಅಷ್ಟು ಬೇಗ ಬಂದ ಸುಳ್ಳು ಅದೊಂದೇ.

ಗುಬ್ಬಿಯಲ್ಲಿ ಪ್ರೊಫೆಸರಿಗೆ ಕಾಫಿ ಬೇಕಾಯಿತು. ಬಸ್ ಸ್ಟ್ಯಾಂಡಿನ ಎದುರು ಕಾರು ನಿಂತಾಗ ಅನಂತರಾಜು ಕೆಳಗಿಳಿಯಲೇ ಬಾರದಾಗಿತ್ತು. ಇಲ್ಲೇ, ಈ ಹೋಟೆಲಿನಲ್ಲೇ, ಆ ಸಂಜೆ ಬಸ್ಸಿಗೆ ಕಾಯುತ್ತ ಕೂತು ಅವನು ಎರಡು ಫೋಟೋಗಳನ್ನೂ ನೋಡಿದ್ದು, ಮೊದಲಿನದು ಮತ್ತು ಆಮೇಲಿನದು. ಮೊದಲಿನದು ಮಂಕು. 'ಅಳಿಸಬೇಕೆ' ಎಂದು ಫೋನು ಕೇಳಿತ್ತು. ಹೆಬ್ಬೆರಳು ಹೌದೆಂದಿತ್ತು. ಆಗ ಅವನಿಗೆ ಹೆದರಿಕೆಯಾಗಿರಲಿಲ್ಲ, ಹೆದರಿಕೆ ಶುರುವಾದದ್ದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಚಿತ್ರ ಬಂದು, ಕಾಲೇಜಿನವರು ಕರೆದು ಶಾಲು ಹೊದೆಸಿ, ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಹನ್ನೆರಡೇ ಯಾಕೆ ಬರೆದ್ರು ಅವರು?" ಎಂದು ಕೇಳಿದಾಗ. ಅವಳೇ ಈಗ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಎದುರು ಕೂತಿದ್ದಾಳೆ. ಪ್ರೊಫೆಸರ್ ಕೈ ತೊಳೆಯಲು ಎದ್ದರು. ಈಗ ಹೇಳಬೇಕು, ಅವರು ಬರುವಷ್ಟರಲ್ಲಿ.

"ದೀಪಿಕಾ, ಆ ಗೆರೆ ಇದಾವಲ್ಲ, ಅದರಲ್ಲಿ ಕೆಲವು..."

"ಮಸುಕಾಗಿವೆ, ಗೊತ್ತು ಸರ್. ನೀವು ಟೆನ್ಷನ್ ಮಾಡ್ಕೊಂಡಿದೀರ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ನಾನೂ ರಾತ್ರಿ ನಿದ್ದೆ ಮಾಡಿಲ್ಲ." ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ಇವರು ಒಂದು ಮಾತು ಸರಿ ಅಂತ ಬರೆದುಕೊಟ್ರೆ ಫೆಬ್ರವರಿಗೆ ವೈವಾ. ಆಮೇಲೆ ಕಾಯಂ ಪೋಸ್ಟಿಗೆ ಅರ್ಜಿ ಹಾಕಬಹುದು. ಏಳು ವರ್ಷ ಸರ್. ಅಮ್ಮ ಇನ್ನೂ ಕಲ್ಲು ನೋಡೋ ಹುಡುಗಿ ಅಂತ ನೆಂಟರ ಮುಂದೆ ನಗ್ತಾಳೆ. ನಗಲಿ ಬಿಡಿ. ನೀವು ಆ ದಿನ ಆ ಗವಿಗೆ ಹೋಗದೇ ಇದ್ದಿದ್ರೆ ನಾನು ಏನ್ ಮಾಡ್ತಿದ್ದೆ ಅಂತ ಎಷ್ಟೋ ಸಲ ಅಂದ್ಕೋತೀನಿ." ಅವನು ಕಾಫಿ ಕುಡಿದ. ಸುಟ್ಟಿತು. ಪ್ರೊಫೆಸರ್ ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು.

ಕುಣಿಗಲ್ ಕಡೆಗೆ ತಿರುಗುವ ರಸ್ತೆ ಬಿಟ್ಟು, ಮಣ್ಣಿನ ದಾರಿ ಹಿಡಿದು, ಬೂದಿಗುಂಡಿನ ಬುಡದ ಹಟ್ಟಿ ಮುಟ್ಟಿದಾಗ ಎಂಟೂಮುಕ್ಕಾಲು. ಹದಿನೈದು ಮನೆಗಳ ಹಟ್ಟಿ. ಮೊದಲನೆಯ ಮನೆಯ ಮುಂದೆ ಸಗಣಿ ಸಾರಿಸಿದ ನೆಲದ ಮೇಲೆ ರಂಗೋಲಿಯಲ್ಲಿ ಒಂದು ಚಕ್ರ, ಅದರ ಸುತ್ತ ಕಡ್ಡಿಗಳು. ಎರಡನೆಯ ಮನೆಯ ಮುಂದೂ ಅದೇ. ಅನಂತರಾಜು ಎಣಿಸಬಾರದು ಎಂದುಕೊಂಡೇ ಎಣಿಸಿದ. ದೀಪಿಕಾ ಆಗಲೇ ಬಗ್ಗಿ ಫೋಟೋ ತೆಗೆಯುತ್ತಿದ್ದಳು. "ನೋಡಿ ಸರ್, ಹನ್ನೆರಡು. ಇವರ ಮೈಯಲ್ಲೇ ಬಂದುಬಿಟ್ಟಿದೆ ಲೆಕ್ಕ." ಬಾಗಿಲಲ್ಲಿ ನಿಂತ ಹೆಂಗಸು ಸೆರಗು ಸರಿಮಾಡಿಕೊಂಡು, "ಧನುರ್ಮಾಸದಾಗೆ ಹೊತ್ತಪ್ಪನ್ನೇ ಬುಡೋದು ನಾವು, ಮೊದ್ಲಿಂದ್ಲೂ" ಎಂದಳು. ಅವಳಿಗೆ ಹೆಚ್ಚೆಂದರೆ ಇಪ್ಪತ್ತೈದು ವರ್ಷ. ಗೋಡೆಯ ಮೇಲೆ ಬರೆದದ್ದಾದರೆ ಸುಣ್ಣ ಬಳಿದು ಅಳಿಸಬಹುದು. ಹೊಸ್ತಿಲುಗಳ ಮುಂದೆ ದಿನಾ ಬೆಳಿಗ್ಗೆ ಹೊಸದಾಗಿ ಮೂಡುವುದನ್ನು ಯಾರು ಅಳಿಸುತ್ತಾರೆ.

ಚಿಕ್ಕಬೋರಯ್ಯ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ. ಎಪ್ಪತ್ತೈದು ದಾಟಿತ್ತು, ಆದರೂ ಕೋಲು ಊರಿ ಎದ್ದು, "ಬಣ್ಣದಯ್ನೋರು ಬಂದ್ರು. ಏನ್ ಸ್ವಾಮಿ, ಬಡವಾಗ್ಬುಟ್ರಲ್ಲ, ಮನೇಲಿ ಮುದ್ದೆ ಮಾಡಕಿಲ್ವಾ" ಎಂದ. ಅನಂತರಾಜು ಆ ಕಣ್ಣುಗಳಲ್ಲಿ ಹುಡುಕಿದ. ಆ ದಿನ ಇವನು ಮಾತ್ರ ಅಲ್ಲಿದ್ದವನು. ಏಳು ಎಂದವನು, ಮುಖ ತೊಳೆದುಕೊಂಡಿದ್ದಾನೆ ಎಂದು ನಕ್ಕವನು. ಇಷ್ಟು ವರ್ಷ ಇವನು ಬಾಯಿ ಬಿಡಲಿಲ್ಲ ಯಾಕೆ? ಹತ್ತುವ ದಾರಿಯಲ್ಲಿ ಮುದುಕ ಮುಂದೆ, ಹಿಂದೆ ದೀಪಿಕಾ, ಪ್ರೊಫೆಸರ್, ಕೊನೆಗೆ ಪೆಟ್ಟಿಗೆ ಹೊತ್ತು ಅನಂತರಾಜು. ನಾನೇ ತರುತ್ತೇನೆ ಎಂದು ತಾನೇ ಹೊತ್ತಿದ್ದ. ಕಾಲು ಜಾರಿ ಬಿದ್ದರೆ ಇದೂ ಬೀಳುತ್ತದೆ ಎಂಬ ಯೋಚನೆ ಎರಡು ಕಡೆ ಬಂತು, ಎರಡು ಕಡೆಯೂ ಅವನ ಕಾಲು ಕಲ್ಲನ್ನು ಗಟ್ಟಿಯಾಗಿ ಹಿಡಿಯಿತು. ಹೆದರಿದವನ ಮೈ ಹೆಜ್ಜೆಯಲ್ಲಿ ಎಷ್ಟು ಜಾಗರೂಕ ಎಂದು ಅವನಿಗೇ ನಾಚಿಕೆಯಾಯಿತು.

ಗವಿ ಎಂದರೆ ದೊಡ್ಡ ಬಂಡೆಯೊಂದು ಇನ್ನೊಂದರ ಮೇಲೆ ತುಟಿ ಚಾಚಿ ಕೂತ ಜಾಗ, ನಾಲ್ಕು ಜನ ಬಗ್ಗಿ ನಿಲ್ಲಬಹುದು. ಮಳೆ ಒಳಕ್ಕೆ ಹೊಡೆಯುವುದಿಲ್ಲ. ಒಂಬತ್ತು ಇಪ್ಪತ್ತೆರಡಕ್ಕೆ ದೀಪಿಕಾ, "ಬಂತು" ಎಂದಳು. ಬೆಳಕು ನೆಲದ ಮೇಲೆ ಒಂದು ಬಿಳಿ ಪಟ್ಟಿಯಾಗಿ ಬಂದು, ಮೆಲ್ಲಗೆ ಗೋಡೆ ಹತ್ತಿತು. ಅನಂತರಾಜು ಹಿಂದೆ ಸರಿದು ಬಂಡೆಗೆ ಬೆನ್ನು ಕೊಟ್ಟ. ಈ ಬಿಸಿಲಿನಲ್ಲಿ ಅವನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ದೀಪಿಕಾ ಎಷ್ಟು ಸಲ ಕರೆದರೂ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದ. ಓರೆ ಬೆಳಕಿನಲ್ಲಿ ಗೋಡೆಯ ಸಣ್ಣ ಉಬ್ಬೂ ಕಾಣುತ್ತದೆ, ಕುಂಚದ ಕೂದಲು ಬಿಟ್ಟ ದಾರಿಯೂ ಕಾಣುತ್ತದೆ, ಇದು ಬೋರ್ಡಿನವರಿಗೆ ಗೊತ್ತಿರುವ ವಿದ್ಯೆ. ಅವನು ಕಣ್ಣು ಮುಚ್ಚಿದ. ಪ್ರೊಫೆಸರ್ ಯಂತ್ರ ತೆಗೆದ ಸದ್ದು, ಅದನ್ನು ಹಿಡಿದು ಉಸಿರು ಕಟ್ಟಿದ ಸದ್ದು, ಒಂದು ಟಿಕ್. ಮತ್ತೊಂದು ಟಿಕ್. ನಾಲ್ಕು ಕಡೆ ಹಿಡಿದರು.

"ಕಬ್ಬಿಣ" ಎಂದರು. "ಇದೂ ಕಬ್ಬಿಣ. ಇದೂ. ಎಲ್ಲಾ ಒಂದೇ ಜಾಜು ಕಣಮ್ಮ. ಕಾಲ ಎಷ್ಟು ಅಂತ ಇದು ಹೇಳಲ್ಲ, ಅದು ಬೇರೆ ವಿಷಯ. ಆದ್ರೆ ಅನುಮಾನ ಪಡೋ ಅಂಥದ್ದು ಏನೂ ಕಾಣ್ತಾ ಇಲ್ಲ."

ದೀಪಿಕಾ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಳು. ಅನಂತರಾಜು ಕಣ್ಣು ತೆರೆದ. ಮುಗಿಯಿತು. ಹೆದರಿಕೆ ಈಗ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಇದ್ದ ಜಾಗದಲ್ಲೇ ಕೂತು, ಇನ್ನೂ ತಣ್ಣಗಾಗಿ, ಇನ್ನೂ ಭಾರವಾಗಿ, ಇನ್ನು ಮೇಲೆ ಯಾರೂ ಕೇಳುವುದಿಲ್ಲ ಎಂದಿತು.

"ಇನ್ನು ಅಜ್ಜನ ಮಾತೊಂದು ರೆಕಾರ್ಡ್ ಮಾಡ್ಕೊಂಡ್ರೆ ಆಯ್ತು" ಎಂದು ದೀಪಿಕಾ ಫೋನು ಹಿಡಿದಳು. "ಅಜ್ಜ, ನೀವು ಸಣ್ಣೋರಿದ್ದಾಗ ಹೊತ್ತಪ್ಪಂಗೆ ಎಷ್ಟು ಕಡ್ಡಿ ಇದ್ದವು?"

ಚಿಕ್ಕಬೋರಯ್ಯ ಗೋಡೆ ನೋಡಲಿಲ್ಲ. "ಅನ್ನೆಲ್ಡು" ಎಂದ. "ನಮ್ಮಜ್ಜಿ ಸೊಂಟದ ಮೇಲೆ ಕೂರಿಸ್ಕಂಡು ಎಣಿಸೋಳು. ಅನ್ನೆಲ್ಡ್ ಕಡ್ಡಿ ಹೊತ್ತಪ್ಪ ಅನ್ನೋಳು."

ಅನಂತರಾಜು ಅವನ ಮುಖವನ್ನೇ ನೋಡಿದ. ಒಂದು ಕಣ್ಣು ಮಿಟುಕಿದ್ದರೆ, ತುಟಿ ಒಂದಿಷ್ಟು ಓರೆಯಾಗಿದ್ದರೆ, ನಿಮ್ಮನ್ನ ಉಳಿಸಿದೆ ನೋಡಿ ಸ್ವಾಮಿ ಎಂಬ ಒಂದು ಗುರುತು ಕೊಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ, ಇಬ್ಬರ ನಡುವಿನ ಸುಳ್ಳಾಗಿ ಅದು ಹೇಗೋ ಇದ್ದುಬಿಡುತ್ತಿತ್ತು. ಮುದುಕನ ಮುಖ ಬಿಸಿಲಿನಲ್ಲಿ ತಿಳಿಯಾಗಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನು ಅಜ್ಜಿಯನ್ನು ನೋಡುತ್ತಿದ್ದ, ಅಜ್ಜಿಯ ಬೆರಳು ಹನ್ನೆರಡು ಎಣಿಸುವುದನ್ನು ನೋಡುತ್ತಿದ್ದ. ಯಾವಳೋ ಸತ್ತ ಹೆಂಗಸಿನ ಬಾಯೊಳಕ್ಕೆ ಕುಂಚ ಹಾಕಿ ಬಂದಿದ್ದೇನೆ ಎಂದು ಅನಂತರಾಜುವಿಗೆ ಅನ್ನಿಸಿತು.

"ಏಳು" ಎಂದ. ತನ್ನ ದನಿ ಗವಿಯಲ್ಲಿ ಬೇರೆಯವನದಂತೆ ಕೇಳಿತು. "ನೀನೇ ಹೇಳಿದ್ದೆ ಬೋರಯ್ಯ, ಏಳು ಅಂತ. ಐದು ನಾನು ಬರೆದಿದ್ದು. ಆ ದಿನ ನೀರು ಹಾಕ್ಲಿಲ್ಲ, ಬರೆದೆ. ನನ್ನ ಚೀಲದ ಜಾಜು. ಹಳೇವರ ಮೇಲೂ ಒಂದು ಕೈ ಎಳೆದೆ."

ದೀಪಿಕಾ ಫೋನಿನ ರೆಕಾರ್ಡ್ ನಿಲ್ಲಿಸಲಿಲ್ಲ, ಅವಳಿಗೆ ಅದು ಕೈಯಲ್ಲಿರುವುದೇ ಮರೆತಂತಿತ್ತು. ಪ್ರೊಫೆಸರ್ ಮಂಕಿಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ದೀಪಿಕಾ ಕೇಳಿದಳು, ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ, ತರಗತಿಯಲ್ಲಿ ಕೇಳುವ ದನಿ. "ಯಾವ ಐದು ಸರ್?"

"ಬಲಗಡೇವು."

"ಬಲಗಡೆ ಎಲ್ಲಿಂದ ಶುರು?"

ಅವನು ತಿರುಗಿದ. ಬೆಳಕು ಈಗ ಚಕ್ರದ ಮೇಲೆ ಪೂರ್ತಿ ನಿಂತಿತ್ತು. ಹನ್ನೆರಡು ಗೆರೆಗಳೂ ಸುತ್ತ ಸಮವಾಗಿ ಉರಿಯುತ್ತಿದ್ದವು. ಅವನಿಗೆ ನೆನಪಿದ್ದ ಬರಿದು ಜಾಗ ಎಲ್ಲೂ ಇರಲಿಲ್ಲ. ಬಾಲ ಹುಡುಕಿದ. ಹನ್ನೆರಡರ ತುದಿಯಲ್ಲೂ ಎಡಕ್ಕೆ ಸಣ್ಣ ಬಾಲವಿತ್ತು. ಎಲ್ಲದರ ಮೇಲೂ ಕುಂಚ ಹೋಗಿದ್ದರಿಂದ ಬಂದದ್ದೋ, ಅಥವಾ ಎಂದೋ ಮೊದಲು ಬರೆದ ಆ ಯಾರೋ ಕೂಡ ಕೈ ಎತ್ತುವಾಗ ಹೀಗೇ ಎತ್ತುತ್ತಿದ್ದನೋ. ಹನ್ನೊಂದು ವರ್ಷದ ಧೂಳು, ಹೊಗೆ, ಹಾಲಿನ ಬೆರಳು ಎಲ್ಲವನ್ನೂ ಒಂದೇ ಬಣ್ಣಕ್ಕೆ ತಂದಿದ್ದವು.

"ಇದು" ಎಂದು ಒಂದನ್ನು ತೋರಿಸಿದ, ಸ್ವರ ಗಟ್ಟಿ ಮಾಡಿಕೊಂಡು.

"ಅದಲ್ಲ ಸ್ವಾಮಿ" ಎಂದ ಚಿಕ್ಕಬೋರಯ್ಯ, ನೊಂದವನಂತೆ. "ಅದು ನಮ್ಮಜ್ಜಿ ಹಾಲು ಮುಟ್ಟಿಸ್ತಿದ್ದ ಕಡ್ಡಿ. ಅದನ್ನ ನಿಮ್ದು ಅನ್ನಬ್ಯಾಡಿ."

"ಹಂಗಾದ್ರೆ ಇದು. ಇಲ್ಲ, ತಡಿ."

ದೀಪಿಕಾ ಚೀಲದಿಂದ ಪುಸ್ತಕ ತೆಗೆದು, ಬಿಳಿ ಹಾಳೆಯ ಮೇಲೆ ಚಕ್ರ ಬರೆದು, ಪೆನ್ನು ಊರಿ ಕಾದಳು. "ನಿಧಾನವಾಗಿ ಹೇಳಿ ಸರ್. ಒಂದೊಂದಾಗಿ." ಅನಂತರಾಜುವಿನ ಬೆರಳು ಬಂಡೆಯಿಂದ ಒಂದಂಗುಲ ದೂರದಲ್ಲಿ, ಮುಟ್ಟದೆ, ಒಂದು ಗೆರೆಯ ಮುಂದೆ ನಿಂತು, ಮುಂದಿನದಕ್ಕೆ ಸರಿದು, ಅಲ್ಲೂ ನಿಲ್ಲಲಾರದೆ ಮುಂದಿನದಕ್ಕೆ ಸರಿಯಿತು.